ಖಾಲಿ ಫ್ಲ್ಯಾಟುಗಳ ಊರಲ್ಲಿ ಪತ್ರಾಸಿನ ಸೂರು

ಪುಣೆ ಹತ್ತಿರದ ನಿಗಡಿಯ ಸೆಕ್ಟರ್ 22ರಲ್ಲಿ ಬಡವರಿಗೆಂದು ಸರ್ಕಾರದ ದುಡ್ಡಿನಿಂದ ಎಬ್ಬಿಸಿದ ಬಹುಮಹಡಿ ಕಟ್ಟಡಗಳಿವೆ. ಅವುಗಳಲ್ಲಿ ಎಷ್ಟೋ ಕಟ್ಟಡಗಳು ಒಂದು ಸಂಸಾರದ ಮುಖವನ್ನೂ ಕಾಣದೆ ವರ್ಷಗಟ್ಟಲೆ ಮಳೆಗೆ ನೆನೆದು, ಬಿಸಿಲಿಗೆ ಒಣಗಿ ಹಾಳಾದವು. ಹಣ ಕೇಂದ್ರದ ನೆಹರೂ ನಗರ ನವೀಕರಣ ಯೋಜನೆಯದು, ಕಾಮಗಾರಿ ಪಿಂಪ್ರಿ-ಚಿಂಚವಾಡ ಮಹಾನಗರಪಾಲಿಕೆಯದು. ಕಟ್ಟಿದ ಜಾಗವೋ, ದೇಹೂರೋಡಿನ ಸೇನಾ ಮದ್ದುಗುಂಡು ಡಿಪೋದ ರೆಡ್ ಝೋನಿನೊಳಗೆ. ಇಲ್ಲಿ ಮನೆ ಏಳಕೂಡದೆಂದು ರಕ್ಷಣಾ ಇಲಾಖೆ ಗೆರೆ ಎಳೆದ ನೆಲ ಅದು. ಮೊಕದ್ದಮೆ ಬಾಂಬೆ ಹೈಕೋರ್ಟಿಗೆ ಹೋಯಿತು, ಕೆಲಸಕ್ಕೆ ತಡೆ ಬಿತ್ತು, ಕಂಬ-ತೊಲೆಗಳು ನಿಂತಲ್ಲೇ ನಿಂತವು.

ಡಿಪೋ ರಾತ್ರೋರಾತ್ರಿ ಬಂದು ಕೂತದ್ದಲ್ಲ. ಪಾಲಿಕೆ ಹುಟ್ಟುವ ದಶಕಗಳ ಮೊದಲೇ ಅದು ಅಲ್ಲಿತ್ತು. ರೈತನೊಬ್ಬ ತನ್ನ ಹೊಲದ ಮೂಲೆಯಲ್ಲಿ ಒಂದು ಕೋಣೆ ಕಟ್ಟುತ್ತೇನೆಂದರೆ ಹತ್ತು ದಾಖಲೆ ಕೇಳುವ ಕಚೇರಿಗಳು, ಸಾವಿರಾರು ಮನೆಗಳ ಯೋಜನೆಗೆ ಸಹಿ ಹಾಕುವಾಗ ಆ ಗೆರೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಇದನ್ನು ಕಣ್ತಪ್ಪು ಎಂದು ಕರೆಯಲು ನಾನು ತಯಾರಿಲ್ಲ. ಆ ಮನೆಗಳಲ್ಲಿ ಸಾಹೇಬರ ಮಕ್ಕಳು ಬಾಳಬೇಕಾಗಿದ್ದರೆ ಅಡಿಪಾಯ ತೋಡುವ ಮೊದಲು ನಕಾಶೆ ಹತ್ತು ಸಲ ಬಿಚ್ಚಿಕೊಳ್ಳುತ್ತಿತ್ತು. ಬಡವರ ಮನೆಯಲ್ಲವೇ, ಎಲ್ಲಿ ಕಟ್ಟಿದರೇನು ಎಂಬ ಉಡಾಫೆಯೇ ಆ ಕೋಟಿಗಳನ್ನು ನುಂಗಿದ್ದು. ಸ್ಫೋಟಕದ ನೆರೆಯಲ್ಲಿ ಜನರನ್ನು ತುಂಬಿ ಎಂದು ನಾನು ಕೇಳುತ್ತಿಲ್ಲ. ಅದೇ ಸಿಮೆಂಟು, ಅದೇ ಕಬ್ಬಿಣ ಕ್ಷೇಮದ ನೆಲದಲ್ಲಿ ನಿಂತಿದ್ದರೆ ಇಷ್ಟು ಹೊತ್ತಿಗೆ ಎಷ್ಟು ಒಲೆಗಳು ಉರಿಯುತ್ತಿದ್ದವು ಎಂದು ಕೇಳುತ್ತಿದ್ದೇನೆ.

ನಿಗಡಿಯಲ್ಲಿ ಈ ಕೇಡು ಇನ್ನಷ್ಟು ಉರಿಸುವುದಕ್ಕೆ ಕಾರಣವಿದೆ. 1972ರಲ್ಲಿ ಪಿಂಪ್ರಿ-ಚಿಂಚವಾಡ ನವನಗರ ವಿಕಾಸ ಪ್ರಾಧಿಕಾರವನ್ನು ಹುಟ್ಟುಹಾಕಿದ್ದೇ ಇಲ್ಲಿನ ಕಾರ್ಖಾನೆ ಕೆಲಸಗಾರರಿಗೆ ಕೈಗೆಟಕುವ ಮನೆ ಕೊಡಲಿಕ್ಕೆ. ನಿಗಡಿ, ಆಕುರ್ಡಿ, ಚಿಂಚವಾಡದ ರೈತರ ಹೊಲ ಕಿತ್ತುಕೊಂಡದ್ದು ದುಡಿಯುವವರ ಹೆಸರು ಹೇಳಿ. ಇವತ್ತು ಆ ಪ್ರಾಧಿಕಾರ ಎಬ್ಬಿಸಿದ, ಜನ ಪ್ರಾಧಿಕರಣ ಎಂದೇ ಕರೆಯುವ ಬಡಾವಣೆಯ ಅಗಲ ರಸ್ತೆಗಳ ಇಕ್ಕೆಲದಲ್ಲಿ ಬಂಗಲೆಗಳಿವೆ. ಅಲ್ಲಿ ಗಾರೆ ಕಲಸುವವನ ಹೆಸರಿನ ಒಂದು ಪ್ಲಾಟು ಹುಡುಕಿ ತೋರಿಸಲಿ. 2021ರಲ್ಲಿ ಆ ಪ್ರಾಧಿಕಾರವನ್ನೇ ಮುಚ್ಚಿ, ಅದರ ನೆಲವನ್ನು ಪಾಲಿಕೆಗೂ ಪುಣೆ ಮಹಾನಗರ ಪ್ರದೇಶ ಪ್ರಾಧಿಕಾರಕ್ಕೂ ಹಂಚಿಕೊಟ್ಟರು. ಕೊಟ್ಟ ಮಾತು ಯಾರ ಪಾಲಿಗೂ ಬರಲಿಲ್ಲ.

ಈಗ ಅದೇ ಊರಿಗೆ ಮೆಟ್ರೊ ಬರುತ್ತಿದೆ. ಪಿಂಪ್ರಿಯಿಂದ ನಿಗಡಿಯ ಭಕ್ತಿ-ಶಕ್ತಿ ಚೌಕದವರೆಗೆ ಸುಮಾರು 4.4 ಕಿಲೋಮೀಟರ್, 2023ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಾಗ ಅಂದಾಜು 910 ಕೋಟಿ ರೂಪಾಯಿ. ಇಂಥ ಯೋಜನೆ ಸಾರುವಾಗ ನಿಲ್ದಾಣ ಎಷ್ಟು, ಎಂದಿಗೆ ಮುಗಿಯುತ್ತದೆ, ಎಷ್ಟು ಜನ ಓಡಾಡುತ್ತಾರೆ ಎಂಬುದೆಲ್ಲ ಹೇಳುತ್ತಾರೆ. ಕಂಬಿ ಕಟ್ಟುವವನು ರಾತ್ರಿ ಎಲ್ಲಿ ಮಲಗುತ್ತಾನೆ ಎಂದು ಯಾವ ವೇದಿಕೆಯ ಮೇಲೂ ಯಾರೂ ಹೇಳಿದ್ದು ಕೇಳಿಲ್ಲ.

ಪುಣೆಯ ಸುತ್ತ ಕಟ್ಟುವ ಕೈಗಳಲ್ಲಿ ನಮ್ಮವರ ಕೈಗಳು ಬಹಳ. ಯಾದಗಿರಿ, ಕಲಬುರಗಿ, ವಿಜಯಪುರ, ಬೀದರ ಜಿಲ್ಲೆಗಳ ತಾಂಡಾಗಳಿಂದ, ವಡ್ಡರ ಓಣಿಗಳಿಂದ, ಊರ ಹೊರಗಿನ ಕೇರಿಗಳಿಂದ ಸುಗ್ಗಿ ಮುಗಿದೊಡನೆ ಗುಳೆ ಬರುತ್ತಾರೆ. ಕೂಲಿಗಳನ್ನು ಒಯ್ಯುವ ಮುಕಾದಮನ ಮುಂಗಡ ಮಗಳ ಮದುವೆಗೋ ಬಾವಿಯ ಸಾಲಕ್ಕೋ ಮೊದಲೇ ಕರಗಿರುತ್ತದೆ. ಇಲ್ಲಿ ಸಿಗುವುದು ಹತ್ತಡಿಯ ಪತ್ರಾಸಿನ ಖೋಲಿ. ಹಾಸಲಿಕ್ಕೆ ಸೆಂಟ್ರಿಂಗಿನ ಒಡೆದ ಪ್ಲೈವುಡ್ಡು, ಮೂರು ಇಟ್ಟಿಗೆಯ ಒಲೆ, ಹಂಚಿಕೊಳ್ಳಲು ಒಂದು ಡ್ರಮ್ ನೀರು. ಏಪ್ರಿಲಿನಲ್ಲಿ ಆ ಪತ್ರಾಸು ರೊಟ್ಟಿಯ ಹಂಚಿನಂತೆ ಕಾಯುತ್ತದೆ. ಜುಲೈನಲ್ಲಿ ನೆಲದಿಂದಲೇ ನೀರು ಏಳುತ್ತದೆ. ಹೆಣ್ಣುಮಕ್ಕಳು ಬಯಲಿಗೆ ಹೋಗಲು ಕತ್ತಲಾಗುವುದನ್ನು ಕಾಯುತ್ತಾರೆ, ಕಾಯಬೇಕಲ್ಲ ಎಂದು ಹಗಲಿಡೀ ನೀರು ಕುಡಿಯುವುದಿಲ್ಲ. ಊರಲ್ಲಿ ಕನ್ನಡ ಶಾಲೆಗೆ ಹೋಗುತ್ತಿದ್ದ ಹುಡುಗಿ ಇಲ್ಲಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ಮರಳಿನ ಗುಡ್ಡೆಯ ಪಕ್ಕ ದಿನ ಕಳೆಯುತ್ತಾಳೆ.

ಇವರ ಹಿರಿಯರೂ ಕಟ್ಟಿದವರೇ. ಕೃಷ್ಣಾ ಮೇಲ್ದಂಡೆಯ ಕಾಲುವೆಗಳಿಗೆ ಮಣ್ಣು ಹೊತ್ತವರ ಮೊಮ್ಮಕ್ಕಳು ಇವರಲ್ಲಿದ್ದಾರೆ. ಶಹಾಪುರದ ಹತ್ತಿರ ಭೀಮರಾಯನಗುಡಿಯಲ್ಲಿ ಆ ಯೋಜನೆಗೆಂದೇ ಒಂದು ಇಡೀ ಕ್ಯಾಂಪು ಎದ್ದಿತು, ಸಾಲು ಸಾಲು ಕ್ವಾರ್ಟರ್ಸು, ರಸ್ತೆ, ನೀರಿನ ನಳ ಎಲ್ಲ ಬಂದವು. ಅಂದರೆ ಬಯಲಿನಲ್ಲಿ ಊರು ಎಬ್ಬಿಸುವುದು ಸರ್ಕಾರಕ್ಕೆ ಚೆನ್ನಾಗಿ ಗೊತ್ತು. ಆ ಗೋಡೆಗಳು ಎದ್ದದ್ದು ಇಂಜಿನಿಯರಿಗೆ, ಗುಮಾಸ್ತನಿಗೆ. ಬುಟ್ಟಿ ಹೊತ್ತವರು ಅವತ್ತೂ ಗುಡಿಸಲಲ್ಲೇ ಇದ್ದರು.

ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 34ನೇ ಕಲಂ ಕೆಲಸದ ಜಾಗದಲ್ಲೋ ಹತ್ತಿರದಲ್ಲೋ ಎಲ್ಲ ಕಾರ್ಮಿಕರಿಗೂ ಪುಕ್ಕಟೆ ವಸತಿ ಕೊಡಬೇಕೆಂದು ಹೇಳಿತು. ಬೇರೆ ಅಡುಗೆ ಜಾಗ, ಬಚ್ಚಲು, ಬಟ್ಟೆ ಒಗೆಯುವ ಜಾಗ, ಶೌಚಾಲಯ ಇರಬೇಕೆಂದಿತು. ಐವತ್ತಕ್ಕಿಂತ ಹೆಚ್ಚು ಹೆಂಗಸರಿದ್ದಲ್ಲಿ ಕೂಸುಗಳಿಗೆ ಕೋಣೆ ಬೇಕೆಂದು 35ನೇ ಕಲಂ ಹೇಳಿತು. ಆದರೆ ಅದೇ 34ನೇ ಕಲಮಿನೊಳಗೆ ಇನ್ನೊಂದು ಮಾತೂ ಇತ್ತು: ಕೆಲಸ ಮುಗಿದೊಡನೆ ಆ ವಸತಿಯನ್ನು ಕೆಡವಿ ಸಾಗಿಸಬೇಕು. ಹೀಗೆ ಬಡವನ ಮನೆ ಕೆಡವುವ ಏರ್ಪಾಡು ಅದನ್ನು ಕಟ್ಟುವ ಮೊದಲೇ ಬರೆದಾಗಿತ್ತು. ಕಟ್ಟುವ ಮಾತನ್ನು ಪಾಲಿಸದವರು ಕೆಡವುವ ಮಾತನ್ನು ಮಾತ್ರ ತಪ್ಪದೆ ಪಾಲಿಸಿದರು. 2020ರಲ್ಲಿ ಸಂಸತ್ತು ಇಂಥ 13 ಕಾಯ್ದೆಗಳನ್ನು ಒಂದೇ ಸಂಹಿತೆಯೊಳಗೆ ತುರುಕಿತು. ಪತ್ರಾಸಿನೊಳಗಿನ ಸೆಕೆ ಕಮ್ಮಿಯಾಗಲಿಲ್ಲ.

ಸಾವಿನ ಲೆಕ್ಕ ಬೇಕೇ? 2019ರ ಜೂನ್ 29ರ ನಡುರಾತ್ರಿ ಪುಣೆಯ ಕೊಂಢ್ವಾದಲ್ಲಿ ವಸತಿ ಸಂಕೀರ್ಣವೊಂದರ ಕಾಂಪೌಂಡು ಗೋಡೆ ಕೆಳಗಿನ ಶೆಡ್ಡುಗಳ ಮೇಲೆ ಬಿತ್ತು. ಮಲಗಿದ್ದ 15 ಜನ ಸತ್ತರು, ಮಕ್ಕಳೂ ಸೇರಿ. ಬಹುತೇಕ ಬಿಹಾರದವರು. ಅದರ ಬೆನ್ನಿಗೇ ಆಂಬೇಗಾಂವದಲ್ಲಿ ಇನ್ನೊಂದು ಗೋಡೆ, ಇನ್ನೂ 6 ಹೆಣ. 2024ರ ಅಕ್ಟೋಬರಿನಲ್ಲಿ ಇದೇ ಪಿಂಪ್ರಿ-ಚಿಂಚವಾಡದ ಭೋಸರಿಯ ಕಾರ್ಮಿಕ ಶಿಬಿರದಲ್ಲಿ ತಾತ್ಕಾಲಿಕ ನೀರಿನ ತೊಟ್ಟಿ ಒಡೆದು, ಬೆಳಗಿನ ಸ್ನಾನಕ್ಕೆ ನಿಂತಿದ್ದ ಕಾರ್ಮಿಕರ ಮೇಲೆ ಬಿತ್ತು. ಊರಿಗೆ ಗಗನಚುಂಬಿ ಕಟ್ಟುವವರ ಬಚ್ಚಲಿನ ತೊಟ್ಟಿಗೆ ನೆಟ್ಟಗೆ ಕಬ್ಬಿಣ ಹಾಕಲಿಲ್ಲವೇ? ಪ್ರತಿ ಸಲವೂ ಪರಿಹಾರದ ಘೋಷಣೆ, ತನಿಖೆಯ ಘೋಷಣೆ, ಆಮೇಲೆ ಮುಂದಿನ ಮಳೆಗಾಲ.

ದುಡ್ಡಿಲ್ಲ ಎಂಬ ಮಾತನ್ನಂತೂ ಯಾರೂ ಆಡಬಾರದು. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಕಟ್ಟಡ ವೆಚ್ಚದ ಮೇಲೆ ಎತ್ತುವ ಶೇ. 1ರ ಸೆಸ್ಸು ಇವರದೇ ಬೆವರಿನ ಹಣ. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಮದನ್ ಲೋಕೂರ್ ಅವರ ಪೀಠದ ಮುಂದೆ ಬಿಚ್ಚಿಕೊಂಡ ಲೆಕ್ಕದ ಪ್ರಕಾರ ದೇಶದಲ್ಲಿ 37,000 ಕೋಟಿಗೂ ಹೆಚ್ಚು ಸಂಗ್ರಹವಾಗಿತ್ತು, ಖರ್ಚಾದದ್ದು ಸುಮಾರು 9,500 ಕೋಟಿ. ಆ ಖರ್ಚಿನಲ್ಲೂ ಲ್ಯಾಪ್‌ಟಾಪು, ಬಟ್ಟೆ ಒಗೆಯುವ ಯಂತ್ರಗಳಿದ್ದವು. ನೀರಿನ ನಳವಿಲ್ಲದ ಶೆಡ್ಡಿನವರಿಗೆ ಒಗೆಯುವ ಯಂತ್ರ!

ಇದೆಲ್ಲ ಗುತ್ತಿಗೆದಾರನ ಹೊಣೆ, ನಮ್ಮದಲ್ಲ ಎನ್ನುತ್ತೀರಾ ಸಾಹೇಬರೇ? ಆ ಬಾಗಿಲನ್ನು ಸುಪ್ರೀಂ ಕೋರ್ಟು 1982ರಲ್ಲೇ ಮುಚ್ಚಿದೆ. ದಿಲ್ಲಿಯಲ್ಲಿ ಏಷ್ಯಾಡ್ ಕ್ರೀಡಾಂಗಣ ಕಟ್ಟುತ್ತಿದ್ದವರ ಪರವಾಗಿ ಬರೆದ ಒಂದು ಪತ್ರವನ್ನೇ ಅರ್ಜಿಯೆಂದು ಎತ್ತಿಕೊಂಡು, ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ, ಕಾರ್ಮಿಕ ಕಾನೂನು ಪಾಲನೆಯಾಗುವಂತೆ ನೋಡಿಕೊಳ್ಳುವುದು ಅದರ ಕರ್ತವ್ಯ ಎಂದು ನ್ಯಾಯಮೂರ್ತಿ ಭಗವತಿ ಬರೆದರು. ಆ ತೀರ್ಪಿಗೆ ನಲವತ್ತು ವರ್ಷ ದಾಟಿದೆ.

ಸರ್ಕಾರ ಹೊಣೆ ಹೊತ್ತರೆ ಏನಾಗುತ್ತದೆ ನೋಡಿ. ಅಮೆರಿಕದಲ್ಲಿ ಹೂವರ್ ಅಣೆಕಟ್ಟು ಕಟ್ಟುವಾಗ ಕೂಲಿಗಳು ಮರುಭೂಮಿಯಲ್ಲಿ ಚಿಂದಿ ಡೇರೆಗಳಲ್ಲಿದ್ದರು, ಬಿಸಿಲಿಗೆ ಸತ್ತರು, 1931ರಲ್ಲಿ ಮುಷ್ಕರ ಹೂಡಿದರು. ಅದೇ ವರ್ಷ ಅಲ್ಲಿನ ಸರ್ಕಾರ ಅವರಿಗಾಗಿ ಬೌಲ್ಡರ್ ಸಿಟಿ ಎಂಬ ಊರನ್ನು ಎಬ್ಬಿಸತೊಡಗಿತು. ಕಪ್ಪು ಜನರನ್ನು ಅದರೊಳಗೆ ಬಿಡಲಿಲ್ಲ, ಆ ಪಾಪ ಅದರ ಹೆಸರಿಗೆ ಅಂಟಿಯೇ ಇದೆ. ಆದರೆ ಅಣೆಕಟ್ಟು ಮುಗಿಯಿತೆಂದು ಊರನ್ನು ಕೆಡವಲಿಲ್ಲ, ಇಂದಿಗೂ ಅಲ್ಲಿ ಜನ ಬಾಳುತ್ತಿದ್ದಾರೆ. ನಮ್ಮಲ್ಲೂ ಲಾಕ್‌ಡೌನಿನಲ್ಲಿ ಕೂಲಿಗಳು ಹೆದ್ದಾರಿಗುಂಟ ನಡೆದ 2020ರಲ್ಲಿ, ಖಾಲಿ ಸರ್ಕಾರಿ ಮನೆಗಳನ್ನು ವಲಸಿಗರಿಗೆ ಬಾಡಿಗೆಗೆ ಕೊಡುವ ಯೋಜನೆ ಬಂತು. ನಿಜವಾಗಿ ಬಾಗಿಲು ತೆರೆದದ್ದು ಚಂಡೀಗಢ, ಸೂರತ್‌ನಂಥ ಕೆಲವೇ ಊರುಗಳಲ್ಲಿ.

ಹಾಗಾಗಿ ಬೇಡಿಕೆ ಬೇಡುವ ದನಿಯಲ್ಲಿ ಬರುವುದಿಲ್ಲ. ಯಾವುದೇ ಸಾರ್ವಜನಿಕ ಕಾಮಗಾರಿಯ ಟೆಂಡರಿನಲ್ಲಿ ಕಾರ್ಮಿಕರ ವಸತಿಗೆ ಬೇರೆ ಬಾಬ್ತು, ಬೇರೆ ಹಣ ಇಡಿ. ಇಟ್ಟಿಗೆಯ ಗೋಡೆ, ನಳದ ನೀರು, ಹೆಂಗಸರಿಗೆ ಚಿಲಕವಿರುವ ಶೌಚಾಲಯ ಸಿದ್ಧವಾಗದೆ ಮೊದಲ ಕಂಬದ ಗುಂಡಿಗೆ ಅನುಮತಿ ಬೇಡ. ಅನುಮತಿ ಕೊಟ್ಟ ಅಧಿಕಾರಿಯ ಸಂಬಳದಿಂದ ದಂಡ ಕಟ್ಟಿಸಿ. ಕೆಲಸ ಮುಗಿದ ಮೇಲೆ ಕೆಡವಬೇಡಿ, ಪಾಲಿಕೆ ಅದನ್ನು ತನ್ನ ವಶಕ್ಕೆ ಪಡೆದು ಮುಂದಿನ ಕಾಮಗಾರಿಗೆ ಬಂದವರಿಗೆ ಬಿಡಲಿ. ಕರ್ನಾಟಕ ಸರ್ಕಾರವೂ ಗಡಿ ದಾಟಿದ ಕೂಲಿ ತನ್ನವನಲ್ಲ ಎನ್ನುವುದನ್ನು ನಿಲ್ಲಿಸಲಿ. ಬೇರೆ ರಾಜ್ಯಕ್ಕೆ ಜನರನ್ನು ಒಯ್ಯುವ ಗುತ್ತಿಗೆದಾರ ಹೊರಡುವ ರಾಜ್ಯದಲ್ಲೇ ಪರವಾನಗಿ ಪಡೆಯಬೇಕೆಂದು 1979ರಲ್ಲೇ ಕಾನೂನು ಆಗಿತ್ತು. ಯಾದಗಿರಿ, ಕಲಬುರಗಿಯಲ್ಲಿ ಹಾಗೆ ಪರವಾನಗಿ ಪಡೆದ ಮುಕಾದಮರು ಯಾರು, ಯಾವ ತಾಂಡಾದಿಂದ ಎಷ್ಟು ಜನರನ್ನು ಪುಣೆಯ ಯಾವ ಶೆಡ್ಡಿಗೆ ಒಯ್ದರು ಎಂಬ ಪಟ್ಟಿಯನ್ನು ಮುಂದಿನ ಸುಗ್ಗಿ ಮುಗಿಯುವ ಮೊದಲು ಪ್ರತಿ ಪಂಚಾಯತಿಯ ಗೋಡೆಗೆ ಹಚ್ಚಲಿ.