ಬಂದರು ಪೇಟೆಯ ಲಾಡ್ಜ್ ಮತ್ತು ದಾರಿಹೋಕನ ಹಕ್ಕು

ಝಕಾತ್‌ನ ಹಣ ಯಾರಿಗೆ ಸಲ್ಲಬೇಕೆಂದು ಕೇಳಿದರೆ ನಮ್ಮ ಮದ್ರಸದ ಮಕ್ಕಳು ಬೆರಳು ಮಡಚುತ್ತಾ ಎಂಟು ವರ್ಗಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಬಡವರು, ನಿರ್ಗತಿಕರು ಎಂದು ಆರಂಭವಾಗುವ ಆ ಪಟ್ಟಿಯ ಕೊನೆಯಲ್ಲಿ ಬರುವವನು ‘ಇಬ್ನುಸ್ಸಬೀಲ್’. ಪದಶಃ ಹೇಳುವುದಾದರೆ ದಾರಿಯ ಮಗ. ನಮ್ಮ ಮಾತಿನಲ್ಲಿ ದಾರಿಹೋಕ. ಅತ್ತೌಬಾ ಅಧ್ಯಾಯದ 60ನೆಯ ಸೂಕ್ತದಲ್ಲಿ ಅಲ್ಲಾಹನು ಅವನ ಪಾಲನ್ನು ನಿಗದಿಪಡಿಸಿದ್ದಾನೆ. ಊರಿನಲ್ಲಿ ಹೊಲ, ಮನೆ, ದನಕರು ಎಲ್ಲವೂ ಇದ್ದು, ಪರಊರಿನಲ್ಲಿ ಕೈ ಬರಿದಾದವನೂ ಇದರಲ್ಲಿ ಸೇರುತ್ತಾನೆಂದು ಫಿಕ್ಹ್ ವಿದ್ವಾಂಸರು ವಿವರಿಸಿದ್ದಾರೆ. ‘ಹಝ್ರತ್, ದಾರಿಹೋಕ ಅಂದರೆ ಯಾರು?’ ಎಂದು ಮಗುವೊಂದು ಕೇಳಿದರೆ ಪುಸ್ತಕದ ಚಿತ್ರದಲ್ಲಿ ಒಂಟೆ ಇದೆ, ಮರಳಿದೆ, ಖರ್ಜೂರದ ಮರವಿದೆ. ಹಾಸನದ ಬಸ್ ನಿಲ್ದಾಣ ಆ ಚಿತ್ರದಲ್ಲಿಲ್ಲ.

ಆದರೆ ಇಂದಿನ ದಾರಿಹೋಕ ನಮ್ಮ ದಂಡಿಗನಹಳ್ಳಿ ಹೋಬಳಿಯಿಂದಲೇ ಹೊರಡುತ್ತಾನೆ. ಚನ್ನರಾಯಪಟ್ಟಣಕ್ಕೆ ಬಂದು, ಹಾಸನ ದಾಟಿ, ಸಕಲೇಶಪುರದ ಬಳಿಕ ಶಿರಾಡಿ ಘಾಟಿ ಇಳಿದು ಮಂಗಳೂರು ಸೇರುತ್ತಾನೆ. ಒಬ್ಬರಿಗೆ ತಂದೆಯ ಹೃದಯದ ಚಿಕಿತ್ಸೆ. ಇನ್ನೊಬ್ಬರಿಗೆ ದೇರಳಕಟ್ಟೆಯ ಕಾಲೇಜಿನಲ್ಲಿ ಮಗಳ ಪ್ರವೇಶ. ಮತ್ತೊಬ್ಬರಿಗೆ ಬಜ್ಪೆಯಿಂದ ಬೆಳಗಿನ ಜಾವಕ್ಕೆ ಗಲ್ಫ್ ವಿಮಾನ. ಹಾಸನದಿಂದ ಸುಮಾರು 170 ಕಿಲೋಮೀಟರ್ ದಾರಿ. ಮಳೆಗಾಲದಲ್ಲಿ ಘಾಟಿಯ ಗುಡ್ಡ ಜರಿದರೆ ಒಂದು ದಿನದ ಕೆಲಸ ಮೂರು ದಿನವಾಗುತ್ತದೆ. ಆಗ ಬೇಕಾಗುವುದು ಒಂದು ಕೋಣೆ. ದೊಡ್ಡ ಹೋಟೆಲು ನಮ್ಮವರ ಅಳವಿನದಲ್ಲ. ಹಂಪನಕಟ್ಟೆ, ಸ್ಟೇಟ್ ಬ್ಯಾಂಕ್, ಬಂದರು, ಈ ಮೂರರ ನಡುವಿನ ಓಣಿಗಳಲ್ಲಿರುವ ಅಗ್ಗದ ಲಾಡ್ಜ್‌ಗಳೇ ಗತಿ.

ಅವುಗಳಲ್ಲಿ ಉಳಿದವರಿಗೆ ಅವುಗಳ ಪರಿಚಯ ಬೇಕಿಲ್ಲ. ಮೇಜಿನ ಮೇಲೊಂದು ದಪ್ಪ ರಿಜಿಸ್ಟರ್; ಆಧಾರ್ ಜೆರಾಕ್ಸ್, ಮುಂಗಡ ಹಣ, ಸಹಿ. ಬಿಸಿನೀರು ಬೆಳಿಗ್ಗೆ ಎರಡು ಗಂಟೆ ಮಾತ್ರ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಮುಚ್ಚಿದರೆ ಸೆಕೆ. ದಕ್ಕೆಯ ಕಡೆಯಿಂದ ಮೀನಿನ ವಾಸನೆ, ರಾತ್ರಿಯಿಡೀ ಲಾರಿಗಳ ಸದ್ದು. ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ತರಕಾರಿ, ಸಿಮೆಂಟು, ಜಲ್ಲಿ ಹೊತ್ತೊಯ್ಯುವ ಮಂಜಿಗಳಿಗೆ ಸರಕು ತುಂಬುವುದು ಇದೇ ನೆರೆಯಲ್ಲಿ. ಬಯಲುಸೀಮೆಯ ನಮ್ಮವರಿಗೆ ಆ ಗದ್ದಲದಲ್ಲಿ ನಿದ್ದೆ ಹತ್ತುವುದು ಕಷ್ಟವೇ. ಕಿಬ್ಲಾ ಯಾವ ಕಡೆ ಎಂಬ ಪ್ರಶ್ನೆಗೆ ಮಾತ್ರ ಇಲ್ಲಿ ಸುಲಭದ ಉತ್ತರವಿದೆ: ಸಮುದ್ರದ ಕಡೆ ಮುಖಮಾಡಿ ತುಸು ಬಲಕ್ಕೆ ತಿರುಗಿದರಾಯಿತು.

ಕಳೆದ ಮಳೆಗಾಲದಲ್ಲಿ ಬಂಧುವೊಬ್ಬರ ಚಿಕಿತ್ಸೆಗೆಂದು ಹೋಗಿ ನಾವು ಇಂತಹ ಲಾಡ್ಜ್ ಒಂದರಲ್ಲಿ ಐದು ರಾತ್ರಿ ಕಳೆದೆವು. ಕೋಣೆಯ ಹಸಿಗೋಡೆಯಾಗಲಿ, ಕೂಗುವ ಫ್ಯಾನಾಗಲಿ ನಮ್ಮ ದೂರಲ್ಲ. ಕೊಟ್ಟ ಹಣಕ್ಕೆ ತಕ್ಕ ಕೋಣೆ ಅದು. ನಾವು ಹೇಳಬೇಕಾದುದು ಕೋಣೆ ಸಿಗದವರ ಬಗ್ಗೆ. ಎರಡನೆಯ ರಾತ್ರಿ ಮಹಿಳೆಯೊಬ್ಬರು ಹತ್ತು ವರ್ಷದ ಮಗನೊಂದಿಗೆ ಬಂದರು. ಗಂಡ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿದ್ದರು. ‘ಗಂಡಸರು ಜೊತೆಯಲ್ಲಿಲ್ಲದೆ ಕೊಡುವಂತಿಲ್ಲಮ್ಮ’ ಎಂದರು ಮೇಜಿನ ಬಳಿ ಕುಳಿತವರು. ಸಿಡುಕಿನಿಂದಲ್ಲ, ಮೆಲುದನಿಯಲ್ಲಿ, ಅವರಿಗೂ ಮೇಲಿನವರ ಭಯವಿತ್ತು. ಆಕೆ ಮರುಮಾತಾಡದೆ ಚೀಲವೆತ್ತಿಕೊಂಡು ಆಸ್ಪತ್ರೆಯ ಪಡಸಾಲೆಗೆ ಮರಳಿದರು. ಹೆಸರು ನೋಡಿ ಖಾಲಿ ಕೋಣೆಯನ್ನೂ ಭರ್ತಿಯಾಗಿದೆ ಎನ್ನುವ ಕಡೆಗಳೂ ಉಂಟೆಂದು ನಮ್ಮವರು ಹೇಳಿಕೊಳ್ಳುವುದನ್ನು ಕೇಳಿದ್ದೇವೆ. ಅದು ಅನ್ಯಾಯವೇ ಸರಿ. ಆದರೆ ಇತರರ ಬಾಗಿಲನ್ನು ದೂರುವ ಮುನ್ನ ನಮ್ಮ ಬಾಗಿಲುಗಳು ಆ ಹೊತ್ತಿನಲ್ಲಿ ಹೇಗಿದ್ದವೆಂದು ನೋಡುವುದು ನ್ಯಾಯ. ಇಶಾ ಮುಗಿದ ಅರ್ಧ ಗಂಟೆಯೊಳಗೆ ನಮ್ಮ ಮಸೀದಿಗಳಿಗೆ ಬೀಗ ಬಿದ್ದಿರುತ್ತದೆ. ಒಳಗೆ, ‘ಇಲ್ಲಿ ಮಲಗಬಾರದು’ ಎಂಬ ಫಲಕ.

ಫಲಕ ಬರೆಸಿದವರ ಬಳಿ ಫಿಕ್ಹ್‌ನ ಆಧಾರವಿಲ್ಲವೆಂದಲ್ಲ. ಮಸೀದಿಯನ್ನು ಮಲಗುವ ಕೋಣೆಯಾಗಿಸುವುದನ್ನು ಹನಫೀ ವಿದ್ವಾಂಸರು ಮಕ್ರೂಹ್ ಎಂದಿದ್ದಾರೆ. ಆದರೆ ಅದೇ ವಾಕ್ಯದಲ್ಲಿ ಅವರು ಇಬ್ಬರನ್ನು ಹೊರತುಪಡಿಸಿದ್ದಾರೆ: ಇಅ್‌ತಿಕಾಫ್‌ನಲ್ಲಿರುವವನು ಮತ್ತು ಪರಊರಿನವನು. ವಾಕ್ಯದ ಅರ್ಧ ಫಲಕವೇರಿತು, ಉಳಿದರ್ಧ ಕಿತಾಬಿನಲ್ಲೇ ಉಳಿಯಿತು. ಮದೀನಾದ ಮಸೀದಿಯ ಸುಫ್ಫಾ ಜಗಲಿಯಲ್ಲಿ ನೆಲೆಯಿಲ್ಲದ ಸಹಾಬಿಗಳು ವಾಸಿಸುತ್ತಿದ್ದುದನ್ನು ನಮ್ಮ ಯಾವ ಖತೀಬರೂ ಹೇಳದೆ ಬಿಟ್ಟಿಲ್ಲ.

ಮಂಗಳೂರು ದಾರಿಹೋಕರಿಗೆ ಹೊಸ ಊರಲ್ಲ. ಪಣಂಬೂರಿನ ಹೊಸ ಬಂದರು ಬಂದದ್ದು 1970ರ ದಶಕದಲ್ಲಿ. ಅದಕ್ಕೂ ಆರು ಶತಮಾನಗಳ ಹಿಂದೆ, 1340ರ ದಶಕದಲ್ಲಿ, ಇಬ್ನ್ ಬತೂತಾ ಈ ಕರಾವಳಿಗೆ ಬಂದಿದ್ದರು. ‘ಮಂಜರೂರ್’ ಎಂದು ಅವರು ಕರೆದ ಈ ಪಟ್ಟಣದಲ್ಲಿ ಫಾರಸ್ ಮತ್ತು ಯಮನ್ ದೇಶದ ವರ್ತಕರು ಇಳಿಯುತ್ತಿದ್ದರೆಂದೂ, ಊರಿನ ಮಗ್ಗುಲಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರ ವಸತಿ ಇತ್ತೆಂದೂ, ಮೆಣಸು ಮತ್ತು ಶುಂಠಿ ಹೇರಳವಾಗಿತ್ತೆಂದೂ ದಾಖಲಿಸಿದ್ದಾರೆ. ನಮ್ಮ ವಿಷಯಕ್ಕೆ ಬೇಕಾದುದು ಇನ್ನೊಂದು ವಿವರ. ಮಲಬಾರಿನ ದಾರಿಯಲ್ಲಿ ಅರ್ಧ ಮೈಲಿಗೊಂದು ಮರದ ಮನೆ. ಅದರಲ್ಲಿ ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಆಳು. ಮುಸ್ಲಿಮನಾಗಲಿ ಅಲ್ಲದವನಾಗಲಿ ಯಾವ ಪಯಣಿಗನೂ ಅಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದಿತ್ತು. ತಂಗುವ ಊರೂರಿನಲ್ಲಿ ಸ್ಥಳೀಯ ಮುಸ್ಲಿಮರ ಮನೆಗಳಿದ್ದು, ಮುಸ್ಲಿಮ್ ಪಯಣಿಗರು ಅಲ್ಲಿಳಿದು ಬೇಕಾದುದನ್ನು ಕೊಂಡು, ಅಡುಗೆ ಮಾಡಿಸಿಕೊಳ್ಳುತ್ತಿದ್ದರು. ಅವರಿಲ್ಲದಿದ್ದರೆ ಆ ದಾರಿಯಲ್ಲಿ ಮುಸ್ಲಿಮನೊಬ್ಬ ಪಯಣಿಸುವುದೇ ಸಾಧ್ಯವಿರಲಿಲ್ಲವೆಂದು ಅವರು ಸ್ಪಷ್ಟವಾಗಿ ಬರೆದಿದ್ದಾರೆ. ಗಮನಿಸಿರಿ: ಎಲ್ಲವೂ ದಾನವಾಗಿರಲಿಲ್ಲ. ಹಣ ತೆತ್ತೇ ಕೊಳ್ಳುತ್ತಿದ್ದರು. ಆದರೂ ಅದು ಬರಿಯ ವ್ಯಾಪಾರವಾಗಿರಲಿಲ್ಲ.

ಇದೇ ಇಬ್ನ್ ಬತೂತಾ 1352ರಲ್ಲಿ ಸಹಾರಾ ದಾಟಿ ಪಶ್ಚಿಮ ಆಫ್ರಿಕದ ಮಾಲಿಗೆ ಹೋದರು. ಅಲ್ಲಿ ಅವರಿಗೆ ಮೊದಲು ಸಿಕ್ಕ ಆತಿಥ್ಯವೆಂದರೆ ಸೋರೆಬುರುಡೆಯಲ್ಲಿ ಜೇನು, ಹಾಲು ಬೆರೆಸಿದ ಧಾನ್ಯದ ಹಿಟ್ಟು. ಇಷ್ಟಕ್ಕೇ ನಮ್ಮನ್ನು ಕರೆದರೇ ಎಂದು ಅವರು ಮೂಗು ಮುರಿದರು. ದೊಡ್ಡ ಪ್ರವಾಸಿ, ದೊಡ್ಡ ಖಾಝಿ, ಆದರೆ ಆತಿಥ್ಯವನ್ನು ತಟ್ಟೆಯಿಂದ ಅಳೆದರು. (ರಾಗಿ ತಿಂದು ಬೆಳೆದ ನಮಗೆ ಆ ಹಿಟ್ಟಿನಲ್ಲಿ ದೋಷವೇನೂ ಕಾಣುವುದಿಲ್ಲ.) ಕೊನೆಗೆ ಅದೇ ದೇಶದ ಬಗ್ಗೆ ಅವರು ಮೆಚ್ಚಿ ಬರೆದ ಸಂಗತಿಗಳಲ್ಲಿ ಎರಡು ದಾರಿಹೋಕನಿಗೇ ಸಂಬಂಧಿಸಿವೆ: ಪಯಣಿಗನಿಗೆ ಅಲ್ಲಿ ಕಳ್ಳರ ಭಯವಿಲ್ಲ, ಪರದೇಶದವನು ಅಲ್ಲಿ ಸತ್ತರೆ ಅವನ ಸೊತ್ತನ್ನು ಯಾರೂ ಮುಟ್ಟದೆ, ವಾರಸುದಾರ ಬರುವವರೆಗೆ ನಂಬಿಕಸ್ತನ ವಶದಲ್ಲಿಡುತ್ತಾರೆ.

ಆ ಪಶ್ಚಿಮ ಆಫ್ರಿಕ ಮಂಗಳೂರಿಗೆ ಇಂದಿಗೂ ದೂರವಲ್ಲ. ಇಲ್ಲಿನ ಗೇರುಬೀಜ ಕಾರ್ಖಾನೆಗಳಿಗೆ ಊರಿನ ಬೆಳೆ ಸಾಲದೆ, ಐವರಿ ಕೋಸ್ಟ್, ಘಾನಾ, ಗಿನಿ-ಬಿಸಾವುಗಳಿಂದ ಹಸಿ ಬೀಜ ಹಡಗಿನಲ್ಲಿ ಬರುತ್ತದೆ. ಕೊಯ್ಲಿನ ಕಾಲದಲ್ಲಿ ಖರೀದಿಗೆಂದು ಅಬಿಜಾನ್ ಬಂದರಿಗೆ ಹೋಗಿ ಅಗ್ಗದ ಹೋಟೆಲುಗಳಲ್ಲಿ ವಾರಗಟ್ಟಲೆ ಉಳಿಯುವ ನಮ್ಮ ನಾಡಿನವರಿದ್ದಾರೆ. ಭಾಷೆ ಫ್ರೆಂಚ್, ಊಟ ಬೇರೆ, ಹವೆ ಮಾತ್ರ ನಮ್ಮ ಕರಾವಳಿಯದೇ. ಆ ಸೀಮೆಯ ಮಾಂಡೆ ಭಾಷೆಗಳನ್ನಾಡುವ ವರ್ತಕರಲ್ಲಿ ‘ಜಾತಿಗಿ’ ಎಂಬ ಪದವಿದೆ. ನಮ್ಮ ಕಿವಿಗೆ ಬೇರೇನೋ ಕೇಳಿಸಿದರೂ ಅದರ ಅರ್ಥ ಆತಿಥೇಯ. ಪರಊರಿನ ವ್ಯಾಪಾರಿ ಬಂದಿಳಿದರೆ ಜಾತಿಗಿ ಅವನಿಗೆ ಮಲಗಲು ಜಾಗ, ಊಟ, ಸರಕಿಡಲು ಕೋಣೆ ಕೊಡುತ್ತಾನೆ; ಊರಿನ ಬೆಲೆ ತಿಳಿಸುತ್ತಾನೆ; ಕೊಳ್ಳುವವರ ಮುಂದೆ ಅವನ ಪರ ಜಾಮೀನಾಗುತ್ತಾನೆ. ವ್ಯವಹಾರ ಕುದುರಿದರೆ ದಲ್ಲಾಳಿಯಾಗಿ ತನ್ನ ಪಾಲನ್ನೂ ಪಡೆಯುತ್ತಾನೆ. ಹೌಸಾ ವರ್ತಕರಲ್ಲಿಯೂ ಇಂಥದೇ ಪದ್ಧತಿ ಇತ್ತು. ಬಂದರಿನ ಗಲಾಟೆಯಲ್ಲಿ ಪರದೇಶಿಯೊಬ್ಬನಿಗೆ ನಿಜವಾಗಿ ಬೇಕಾದುದು ಹಾಸಿಗೆಗಿಂತ ಹೆಚ್ಚಾಗಿ ಇದು: ಊರಿನವನೊಬ್ಬ ‘ಇವನು ನನ್ನವನು’ ಎನ್ನುವುದು. ರಿಜಿಸ್ಟರ್‌ನಲ್ಲಿ ಎಷ್ಟು ಸಹಿ ಹಾಕಿದರೂ ಲಾಡ್ಜ್ ಅದನ್ನು ಕೊಡಲಾರದು. ಮಹಲ್ಲಾ ಕೊಡಬಲ್ಲದು.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮದೇ ತಾಲೂಕಿನ ಶ್ರವಣಬೆಳಗೊಳಕ್ಕೆ ನಾಡಿನ ಎಲ್ಲೆಡೆಯಿಂದ ಜೈನ ಯಾತ್ರಿಕರು ಬರುತ್ತಾರೆ. ಅವರಿಗೆಂದು ಜೈನ ಸಮುದಾಯ ವಸತಿಗೃಹಗಳನ್ನು ಕಟ್ಟಿ ನಡೆಸುತ್ತಿದೆ. ಮುಂಬಯಿಯಿಂದ ಹಜ್ ಹಡಗುಗಳು ಹೊರಡುತ್ತಿದ್ದ ಕಾಲದಲ್ಲಿ, ಅಂದರೆ 1995ರವರೆಗೆ, ಯಾತ್ರಿಕರು ಅಲ್ಲಿನ ಸಾಬೂ ಸಿದ್ದೀಕ್ ಮುಸಾಫಿರ್‌ಖಾನೆಯಂತಹ ಕಟ್ಟಡಗಳಲ್ಲಿ ಉಳಿಯುತ್ತಿದ್ದರು. ಅದನ್ನು ಕಟ್ಟಿದ್ದು ಸರಕಾರವಲ್ಲ, ವರ್ತಕ ಮನೆತನದ ದಾನ. ಈಗ ದಾನಿಗಳ ಕೊರತೆಯಿದೆಯೆಂದು ನಾವು ಭಾವಿಸುವುದಿಲ್ಲ. ಮಿನಾರ್‌ಗಳು ಎತ್ತರವಾಗುತ್ತಿವೆ, ನೆಲಕ್ಕೆ ಗ್ರಾನೈಟ್ ಬರುತ್ತಿದೆ, ಶಾದಿ ಮಹಲ್‌ಗಳಲ್ಲಿ ವರ-ವಧುವಿನ ಕಡೆಯವರಿಗೆಂದು ಕಟ್ಟಿದ ಕೋಣೆಗಳು ಮದುವೆಯಿಲ್ಲದ ತಿಂಗಳುಗಳಲ್ಲಿ ಬೀಗ ಹಾಕಿಕೊಂಡಿರುತ್ತವೆ. ದಾರಿಯಲ್ಲಿ ತನ್ನ ಅಗತ್ಯ ಮೀರಿ ನೀರಿದ್ದೂ ಅದನ್ನು ದಾರಿಹೋಕನಿಗೆ ಕೊಡದವನನ್ನು ಅಲ್ಲಾಹನು ಪುನರುತ್ಥಾನದ ದಿನ ಕಣ್ಣೆತ್ತಿ ನೋಡಲಾರನೆಂಬ ಹದೀಸ್ ಬುಖಾರಿಯಲ್ಲಿದೆ. ಖಾಲಿ ಕೋಣೆಯೂ ಅಂತಹ ನೀರೇ ಅಲ್ಲವೇ?

ಜಮಾಅತ್‌ನ ಹಿರಿಯರು ಇದಕ್ಕೆ ಒಡ್ಡುವ ಆಕ್ಷೇಪಗಳನ್ನು ನಾವು ಬಲ್ಲೆವು. ಕಳ್ಳ ಬಂದು ಉಳಿದರೆ? ಪೊಲೀಸರು ಕೇಳಿದರೆ? ಬಂದವನು ಹೋಗದೇ ಇದ್ದರೆ? ಪ್ರಶ್ನೆಗಳು ಸಾಧುವಾದವು, ಲಾಡ್ಜಿನವರಿಗೂ ಇವೇ ಪ್ರಶ್ನೆಗಳಿವೆ, ಅವರು ಒಂದು ರಿಜಿಸ್ಟರ್, ಒಂದು ಗುರುತಿನ ಚೀಟಿಯಿಂದ ನಿಭಾಯಿಸುತ್ತಿದ್ದಾರೆ. ಹೋಗದೇ ಇರುವವನ ವಿಷಯವನ್ನು ಪ್ರವಾದಿ(ಸ)ರು ಆಗಲೇ ಇತ್ಯರ್ಥಪಡಿಸಿದ್ದಾರೆ: ಆತಿಥ್ಯ ಮೂರು ದಿನ, ಅದರಾಚೆ ಕೊಟ್ಟದ್ದು ದಾನ; ಆತಿಥೇಯನಿಗೆ ಕಷ್ಟವಾಗುವಷ್ಟು ದಿನ ಅತಿಥಿ ಉಳಿಯುವುದು ಸಮ್ಮತವಲ್ಲ. ಕಾನೂನೂ ಇಲ್ಲಿ ವಿರೋಧಿಯಲ್ಲ. 2022ರ ಜುಲೈ 18ರಿಂದ ದಿನಕ್ಕೆ ₹1000ದೊಳಗಿನ ಹೋಟೆಲ್ ಕೋಣೆಗೂ ಶೇ. 12ರ ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 5ಕ್ಕಿಳಿದಿದೆ. ಆದರೆ ನೋಂದಾಯಿತ ಧಾರ್ಮಿಕ ಟ್ರಸ್ಟ್‌ಗಳು ತಮ್ಮ ಆವರಣದಲ್ಲಿ ದಿನಕ್ಕೆ ₹1000ಕ್ಕಿಂತ ಕಡಿಮೆ ಬಾಡಿಗೆಗೆ ಕೊಡುವ ಕೋಣೆಗಳಿಗೆ ವಿನಾಯಿತಿ ಮುಂದುವರಿದಿದೆಯೆಂದು ಕೇಂದ್ರವು 2022ರ ಆಗಸ್ಟ್‌ನಲ್ಲೇ ಸ್ಪಷ್ಟಪಡಿಸಿತ್ತು. ಆ ಪ್ರಶ್ನೆ ಎದ್ದದ್ದು ಅಮೃತಸರದ ಸಿಖ್ ಸರಾಯಿಗಳ ಬಗ್ಗೆ. ಎತ್ತಲು ಅವರ ಬಳಿ ಸರಾಯಿಗಳಿದ್ದವು.

ಉಳಿಯಲು ಹೋಗುವ ನಮ್ಮ ಕುಟುಂಬಗಳಿಗೂ ಎರಡು ಮಾತು. ಇಬ್ಬರೆಂದು ಬರೆಸಿ ಆರು ಮಂದಿ ಸೇರುವುದು, ಬೇಡವೆಂದರೂ ಸ್ಟವ್ ಹಚ್ಚುವುದು, ಬಕೆಟ್ ತುಂಬಿ ನೀರು ಹರಿದರೂ ನಲ್ಲಿ ಮುಚ್ಚದಿರುವುದು, ತಂದೆಯ ವಯಸ್ಸಿನವರನ್ನೂ ‘ರೂಮ್ ಬಾಯ್’ ಎಂದು ಕೂಗುವುದು, ಇವೆಲ್ಲ ಅಮಾನತ್‌ಗೆ ದ್ರೋಹ. ಮೂಸಾ(ಅ) ಮತ್ತು ಖಿಝ್ರ್(ಅ) ಒಂದು ಊರಿಗೆ ಹೋಗಿ ಊಟ ಕೇಳಿದಾಗ ಆ ಊರಿನವರು ಕೊಡಲಿಲ್ಲ. ಆದರೂ ಖಿಝ್ರ್ ಅಲ್ಲಿ ಬೀಳಲಿದ್ದ ಗೋಡೆಯನ್ನು ಕೂಲಿ ಪಡೆಯದೆ ನೆಟ್ಟಗೆ ನಿಲ್ಲಿಸಿದರು. ಕೋಣೆ ಕೊಟ್ಟ ಊರಿನ ಗೋಡೆಗೆ ನಾವು ಎಲೆ-ಅಡಿಕೆ ಉಗುಳದಿದ್ದರೆ ಅಷ್ಟೇ ಸಾಕು.

ನಮಾಝ್‌ನ ವಿಷಯದಲ್ಲಿ ಹಾಸನದವರಿಗೆ ಅಲ್ಲೊಂದು ಗೊಂದಲವಾಗುತ್ತದೆ. ಕರಾವಳಿಯಲ್ಲಿ ಬಹುಪಾಲು ಶಾಫಿಈ ಮಸೀದಿಗಳು. ಅಸರ್ ಅಝಾನ್ ನಮ್ಮೂರಿಗಿಂತ ಮೊದಲೇ ಕೇಳಿಸುತ್ತದೆ. ಗಾಬರಿಯಾಗಬೇಕಿಲ್ಲ, ಜಗಳಕ್ಕಂತೂ ಹೋಗಬಾರದು. ಹದಿನೈದು ದಿನಕ್ಕಿಂತ ಕಡಿಮೆ ಉಳಿಯುವ ನಿಯ್ಯತ್ ಇದ್ದರೆ ಹನಫೀಗಳು ಕೋಣೆಯಲ್ಲಿ ಝುಹರ್, ಅಸರ್, ಇಶಾ ಎರಡೆರಡು ರಕಅತ್ ನಿರ್ವಹಿಸಬೇಕು. ಸ್ಥಳೀಯ ಇಮಾಮರ ಹಿಂದೆ ನಿಂತರೆ ಪೂರ್ಣ ನಾಲ್ಕು.

ಮಂಗಳೂರಿನ ಜಮಾಅತ್‌ಗಳು ಏನು ಮಾಡಬೇಕೆಂದು ದಂಡಿಗನಹಳ್ಳಿಯಿಂದ ಹೇಳಿ ಕಳುಹಿಸುವುದು ಶೋಭಿಸದು. ನಮ್ಮ ಕಡೆಯೂ ದಾರಿಹೋಕರು ಬರುತ್ತಾರೆ: ಹಾಸನದ ಸರಕಾರಿ ಆಸ್ಪತ್ರೆಗೆ, ಚನ್ನರಾಯಪಟ್ಟಣದ ಹೆದ್ದಾರಿಯಲ್ಲಿ ಕೆಟ್ಟು ನಿಂತ ವಾಹನದಿಂದ, ಹೊಳೆನರಸೀಪುರ, ಅರಕಲಗೂಡಿನ ಸಂತೆಗೆ ಬಟ್ಟೆಗಂಟು ಹೊತ್ತು. ಹಾಸನ, ಚನ್ನರಾಯಪಟ್ಟಣಗಳಲ್ಲಿ ಮಸೀದಿಗೆ ಸೇರಿದ ಒಂದೊಂದು ಕೋಣೆ ಸಾಕು, ಎರಡಿದ್ದರೆ ಒಂದು ಸ್ತ್ರೀಯರಿಗೆ. ಯಾವ ಧರ್ಮದವರೆಂದು ಕೇಳದೆ ಕೊಡಬೇಕು. ಬಾಡಿಗೆ ನೂರೋ ಇನ್ನೂರೋ ಇರಲಿ, ಇಲ್ಲದವರಿಗೆ ಝಕಾತ್‌ನ ಆ ಎಂಟನೆಯ ಪಾಲಿದೆ. ಅದಕ್ಕೆ ಸಲ್ಲದವರಿಗೆ ಸದಕಾ ಇದೆ. ಸ್ತ್ರೀಯರ ಕೋಣೆಗೆ ಒಳಗಿನಿಂದ ಗಟ್ಟಿ ಚಿಲಕ, ಹೊರಗೊಂದು ದೀಪ, ಕೀಲಿಕೈ ಮುಅದ್ದಿನ್‌ರ ಮನೆಯವರ ಬಳಿ. ರಮಝಾನ್‌ಗೆ ಮುನ್ನ ಲೆಕ್ಕಪತ್ರದ ಸಭೆ ಸೇರುವಾಗ ಸುಣ್ಣಬಣ್ಣದ ಖರ್ಚಿನ ಮೇಲೆ ಈ ಸಾಲನ್ನು ಬರೆಸಿರಿ.