ಪ್ರದರ್ಶನ ಈ ತಿಂಗಳು, ಅನುದಾನ ಯಾವಾಗ?

ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ಹುಟ್ಟಿದ್ದು 1949ರಲ್ಲಿ. ಅದರ ಸಂಚಾರಿ ರೆಪರ್ಟರಿ ‘ತಿರುಗಾಟ’ ಹೊರಟದ್ದು 1985ರಲ್ಲಿ. ರಂಗಸಜ್ಜಿಕೆ, ದೀಪ, ಉಡುಪಿನ ಪೆಟ್ಟಿಗೆ ಹೊತ್ತು ನಟರು ಊರೂರು ಸುತ್ತುತ್ತಾರೆ. ಆಯಾ ಊರಿನ ಸಂಘಟಕರು ಟಿಕೆಟ್ ಮಾರಿ, ಊಟ-ವಸತಿ ನೋಡಿಕೊಂಡು, ಸಂಭಾವನೆ ಹೊಂದಿಸುತ್ತಾರೆ.

ಆದರೆ ಟಿಕೆಟ್ ಹಣವೊಂದರಿಂದಲೇ ಯಾವ ರೆಪರ್ಟರಿಯೂ ನಡೆಯದು.

ಕೇಂದ್ರ ಸಂಸ್ಕೃತಿ ಸಚಿವಾಲಯದ ಗುರು-ಶಿಷ್ಯ ಪರಂಪರೆ ಯೋಜನೆಯಲ್ಲಿ ಇಂಥ ತಂಡಗಳ ಗುರುವಿಗೆ, ಅಂದರೆ ನಿರ್ದೇಶಕರಿಗೆ, ತಿಂಗಳಿಗೆ 15,000, ವಯಸ್ಕ ಶಿಷ್ಯರಿಗೆ ತಲಾ 10,000 ರೂಪಾಯಿ ನೆರವುಂಟು. ಆ ಹಣ ತಡವಾದರೆ ಸಣ್ಣ ತಂಡದ ಲೆಕ್ಕವೇ ತಲೆಕೆಳಗು. ಮೆಸ್ಸಿನ ಬಾಕಿ, ಡೀಸೆಲ್, ತಾಲೀಮು ಹಾಲಿನ ಬಾಡಿಗೆ ಯಾವುದೂ ಕಾಯುವುದಿಲ್ಲ. ಕಾರ್ಯದರ್ಶಿ ಕೈಸಾಲಕ್ಕೆ ಅಲೆಯುತ್ತಾರೆ. ನುರಿತ ನಟ ಸೀರಿಯಲ್ಲಿನತ್ತ ಮುಖ ಮಾಡುತ್ತಾನೆ.

ರಂಗಮಂದಿರದ ಶಂಕುಸ್ಥಾಪನೆಗೆ ಸರ್ಕಾರಗಳಿಗಿರುವ ಉತ್ಸಾಹ ಅದರೊಳಗೆ ಆಡುವವರ ಸಂಬಳಕ್ಕೂ ಇರಲಿ. ಅನುದಾನದ ಅರ್ಧವನ್ನಾದರೂ ತಾಲೀಮಿಗೆ ಮುಂಚೆಯೇ ಬಿಡುಗಡೆ ಮಾಡಿ, ಉಳಿದದ್ದನ್ನು ಲೆಕ್ಕಪತ್ರ ಕೊಟ್ಟ ತಿಂಗಳೊಳಗೆ ನೀಡುವುದು ಕಷ್ಟವೇನಲ್ಲ.

ರಂಗಸಂಘಗಳಿಗೂ ಹೊಣೆಯಿದೆ. ಜಮಾ-ಖರ್ಚನ್ನು ವರ್ಷಕ್ಕೊಮ್ಮೆ ಊರವರ ಮುಂದಿಟ್ಟರೆ, ಒಂದೊಂದು ಪ್ರದರ್ಶನದ ಖರ್ಚು ವಹಿಸಿಕೊಳ್ಳಿ ಎಂದು ಸ್ಥಳೀಯ ವರ್ತಕರನ್ನೂ ಸಹಕಾರಿ ಬ್ಯಾಂಕುಗಳನ್ನೂ ಧೈರ್ಯವಾಗಿ ಕೇಳಬಹುದು.