ಕೇಳಿದವರಿಗೆಲ್ಲ ಉತ್ತರ ಕೊಡುವ ಸರ್ವರ್

ಹೋದ ಭಾನುವಾರ ಬೆಳಿಗ್ಗೆ ನಮ್ಮ ಸೊಸೈಟಿಯ ಬಿ ವಿಂಗ್‌ನ ಹಾವೇರಿ ಕಡೆಯ ಅಕ್ಕ ಮಗನ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಪುಣೆಯಲ್ಲಿ ಕನ್ನಡದವರು ಕನ್ನಡದವರ ಮನೆ ಬಾಗಿಲು ಬಡಿಯುವುದು ಎರಡೇ ಕಾರಣಕ್ಕೆ. ಒಂದು, ಊರಿಂದ ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹಂಚಲು. ಇನ್ನೊಂದು, ‘ನೀವು ಕಂಪ್ಯೂಟರ್‌ನವ್ರು ಅಲ್ಲೇನ್ರಿ?’ ಎಂದು ಕೇಳಲು. ಅವತ್ತು ಎರಡೂ ಒಟ್ಟಿಗೇ ಬಂದಿದ್ದವು.

ಲ್ಯಾಪ್‌ಟಾಪ್ ಪರದೆ ಕಪ್ಪಾಗಿತ್ತು. ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ ‘ಸ್ಟಾರ್ಟ್ ಪಿಎಕ್ಸ್ಇ ಓವರ್ ಐಪಿವಿ4’ ಎಂದಿತ್ತು. ‘ವೈರಸ್ ಬಂದೈತೇನ್ರಿ?’ ಎಂದರು ಅಕ್ಕ. ವೈರಸ್ ಅಲ್ಲ. ಯಂತ್ರಕ್ಕೆ ತನ್ನದೇ ಡಿಸ್ಕ್ ಸಿಗುತ್ತಿಲ್ಲ. ಹಾಗಾಗಿ ನೆಟ್‌ವರ್ಕ್ ಕಡೆ ತಿರುಗಿ ‘ಅಲ್ಲಿ ಯಾರಾದರೂ ಇದ್ದೀರಾ? ನನಗೊಂದು ಆಪರೇಟಿಂಗ್ ಸಿಸ್ಟಂ ಕೊಡುತ್ತೀರಾ?’ ಎಂದು ಕೂಗುತ್ತಿದೆ. ನಮ್ಮ ಮನೆಗಳ ವೈಫೈ ರೂಟರ್‌ಗೆ ಆ ಪ್ರಶ್ನೆಗೆ ಉತ್ತರ ಗೊತ್ತಿಲ್ಲ. ಸ್ವಲ್ಪ ಹೊತ್ತು ಕೂಗಿ ಅದು ಸುಮ್ಮನಾಗುತ್ತದೆ. ಹಿಂಬದಿ ಬಿಚ್ಚಿ ಸಡಿಲಾಗಿದ್ದ ಎಸ್‌ಎಸ್‌ಡಿಯನ್ನು ಮತ್ತೆ ಕೂರಿಸಿದೆ, ಎದ್ದಿತು. ಫೋಟೋಗಳನ್ನು ಇವತ್ತೇ ಇನ್ನೊಂದು ಕಡೆ ಕಾಪಿ ಮಾಡಿಕೊಳ್ಳಿ ಎಂದು ಹೇಳಿ ಕಳಿಸಿದೆ.

ಅಕ್ಕ ಗಾಬರಿಪಟ್ಟ ಆ ಒಂದು ಸಾಲೇ ಕಳೆದ ಹತ್ತು ಹನ್ನೆರಡು ವರ್ಷಗಳಿಂದ ನನಗೆ ಅನ್ನ ಹಾಕುತ್ತಿದೆ. ಡೇಟಾ ಸೆಂಟರಿಗೆ ಹೊಸ ಸರ್ವರ್‌ಗಳು ಬಂದಾಗ ಅವುಗಳ ಹೊಟ್ಟೆ ಖಾಲಿ. ಒಂದೊಂದಕ್ಕೂ ಡಿವಿಡಿ ಹಾಕಿ, ಕೀಬೋರ್ಡ್ ಮಾನಿಟರ್ ಹಚ್ಚಿ, ಭಾಷೆ ಯಾವುದು, ಸಮಯ ವಲಯ ಯಾವುದು, ಪಾಸ್‌ವರ್ಡ್ ಏನು ಎಂಬ ಅದೇ ಪ್ರಶ್ನೆಗಳಿಗೆ ಅದೇ ಉತ್ತರ ಕೊಡುವ ಬದಲು, ಎಲ್ಲವೂ ನೆಟ್‌ವರ್ಕ್ ಮೇಲೆ ಕೂಗಲಿ, ನಾವು ಕೂರಿಸಿದ ಒಂದು ಸರ್ವರ್ ಎಲ್ಲಕ್ಕೂ ಉತ್ತರ ಕೊಡಲಿ ಎಂಬುದು ಇದರ ಉಪಾಯ. ಪಿಎಕ್ಸ್ಇ ಎಂದು ಬರೆದು ‘ಪಿಕ್ಸಿ’ ಎಂದು ಓದುತ್ತೇವೆ. ಇಂಟೆಲ್ ಕಂಪನಿ ಇದರ 2.1 ಆವೃತ್ತಿಯ ನಿಯಮಾವಳಿಯನ್ನು 1999ರಲ್ಲಿ ಹೊರತಂದಿತು. ಇಷ್ಟು ಹಳೆಯ ಉಪಾಯ ಇವತ್ತಿಗೂ ನಡೆಯುತ್ತಿದೆ.

ನಾನು 2011ರಲ್ಲಿ ಎಂಸಿಎ ಸರ್ಟಿಫಿಕೇಟ್ ಹಿಡಿದು ಗದಗಿನಿಂದ ಪುಣೆಗೆ ಬಂದಾಗ ನಮ್ಮ ಕಚೇರಿಯಲ್ಲಿ ಡಿವಿಡಿ ಕಾಲವೇ ನಡೆಯುತ್ತಿತ್ತು. ಆ ಕೆಲಸ ಮಾಡುತ್ತಿದ್ದವರು ಗುತ್ತಿಗೆ ಮೇಲಿದ್ದ ಒಬ್ಬ ಹಿರಿಯ ತಂತ್ರಜ್ಞ, ಸೊಲ್ಲಾಪುರದವರು. ಮನೆಮಾತು ಕನ್ನಡ. ಮೊದಲ ದಿನ ನನ್ನ ಹಿಂದಿ ಕೇಳಿಯೇ ‘ನಮ್ಮ ಕಡೇನವ ಇದ್ದೀಯಲ್ಲೋ ತಮ್ಮಾ’ ಎಂದು ನಕ್ಕರು. ಅಂದಿನಿಂದ ಅವರು ನನಗೆ ಕಾಕಾ. ಅವರ ಜೇಬಿನಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಸದಾ ಇರುತ್ತಿತ್ತು. ಯಾವ ರ‍್ಯಾಕ್, ಯಾವ ಯಂತ್ರ, ಮ್ಯಾಕ್ ವಿಳಾಸ ಏನು, ಯಾವ ಡಿಸ್ಕ್ ಯಾವಾಗ ಬದಲಾಯಿತು, ಎಲ್ಲ ಅದರಲ್ಲಿ. ಒಂದು ರಾತ್ರಿಗೆ ಆರು ಯಂತ್ರ ಮುಗಿಸುತ್ತಿದ್ದರು. ರಾತ್ರಿ ಪಾಳಿಯ ಭತ್ಯೆಯಲ್ಲಿ ಮಗಳ ನರ್ಸಿಂಗ್ ಕಾಲೇಜಿನ ಫೀ ಹೋಗುತ್ತಿತ್ತು.

2014ರಲ್ಲಿ ಒಂದು ಹೊಸ ಪ್ರಾಜೆಕ್ಟಿಗೆ 60 ಸರ್ವರ್ ಬರುತ್ತವೆ ಎಂದಾಗ ಅದನ್ನು ತಾನಾಗಿ ನಡೆಯುವಂತೆ ಮಾಡುವ ಕೆಲಸ ನನಗೆ ಬಂತು. ‘ಕಾಕಾ, ಇನ್ನು ರಾತ್ರಿಯೆಲ್ಲ ಡಿವಿಡಿ ಹಾಕೋದು ತಪ್ಪತೈತಿ’ ಎಂದೆ. ‘ತಪ್ಪಲಿ ಬಿಡು, ಭತ್ಯೆನೂ ತಪ್ಪತೈತಿ’ ಎಂದರು. ಕೋಪದಿಂದೇನೂ ಹೇಳಲಿಲ್ಲ.

ಕೇಳಿದರೆ ಸುಲಭ, ಮಾಡುವಾಗ ಅಲ್ಲ. ಖಾಲಿ ಯಂತ್ರ ಮೊದಲು ತನಗೊಂದು ಐಪಿ ವಿಳಾಸ ಕೇಳುತ್ತದೆ. ಅದಕ್ಕೆ ಡಿಎಚ್‌ಸಿಪಿ ಸರ್ವರ್ ವಿಳಾಸದ ಜೊತೆಗೆ ಇನ್ನೂ ಎರಡು ಮಾತು ಹೇಳಬೇಕು: ಫೈಲ್ ಯಾವ ಸರ್ವರ್‌ನಲ್ಲಿದೆ, ಫೈಲ್ ಹೆಸರೇನು. ಆಪ್ಷನ್ 66, ಆಪ್ಷನ್ 67 ಎನ್ನುವುದು ಇವಕ್ಕೇ. ಆ ಫೈಲ್ ಎಂದರೆ ಪುಟ್ಟ ಬೂಟ್ ಲೋಡರ್. ಟಿಎಫ್‌ಟಿಪಿ ಎಂಬ ಬಹಳ ಸರಳ ವಿಧಾನದಲ್ಲಿ ಬರುತ್ತದೆ. ಎಷ್ಟು ಸರಳವೆಂದರೆ ಪಾಸ್‌ವರ್ಡ್ ಇಲ್ಲ, ಕೇಳಿದವರು ಯಾರು ಎಂಬ ವಿಚಾರಣೆಯೂ ಇಲ್ಲ. 512 ಬೈಟ್ ಕೊಡುತ್ತದೆ, ‘ಸಿಕ್ಕಿತು’ ಎಂದ ಮೇಲೆ ಮುಂದಿನ 512 ಬೈಟ್. ನೀರಿನ ಟ್ಯಾಂಕರಿನ ಮುಂದೆ ಬಿಂದಿಗೆ ಹಿಡಿದು ನಿಂತ ಹಾಗೆ. ಆದ್ದರಿಂದ ಬೂಟ್ ಲೋಡರ್, ಕರ್ನಲ್ ಇಂಥವನ್ನಷ್ಟೇ ಹೀಗೆ ತರಿಸಿ, ದೊಡ್ಡ ಪ್ಯಾಕೇಜುಗಳನ್ನು ಎಚ್‌ಟಿಟಿಪಿಯಲ್ಲಿ ತರಿಸುತ್ತೇವೆ. ಕೊನೆಯದು ಉತ್ತರ ಪತ್ರಿಕೆ: ಇನ್‌ಸ್ಟಾಲ್ ಆಗುವಾಗ ಬರುವ ಎಲ್ಲ ಪ್ರಶ್ನೆಗಳಿಗೆ ಮೊದಲೇ ಬರೆದಿಟ್ಟ ಉತ್ತರ. ರೆಡ್‌ಹ್ಯಾಟ್‌ನವರು ಅದನ್ನು ಕಿಕ್‌ಸ್ಟಾರ್ಟ್ ಎನ್ನುತ್ತಾರೆ, ಡೆಬಿಯನ್‌ನವರು ಪ್ರಿಸೀಡ್, ಸೂಸೆಯವರು ಆಟೋಯಾಸ್ಟ್.

ಮೊದಲ ವಾರ ಏನೂ ನಡೆಯಲಿಲ್ಲ. ಸ್ವಿಚ್‌ನ ಪೋರ್ಟ್ ಜೀವ ಪಡೆದು ಮಾತು ದಾಟಿಸಲು 30 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು, ಅಷ್ಟರಲ್ಲಿ ಯಂತ್ರ ಕೂಗಿ ಕೂಗಿ ಸುಮ್ಮನಾಗುತ್ತಿತ್ತು. ಸ್ಪ್ಯಾನಿಂಗ್ ಟ್ರೀ ಕಾಯುವಿಕೆ ಅದು. ನೆಟ್‌ವರ್ಕ್ ತಂಡದವರ ಕೈಕಾಲು ಹಿಡಿದು ಪೋರ್ಟ್‌ಫಾಸ್ಟ್ ಹಾಕಿಸಿದೆ. ಆಮೇಲೆ ಅರ್ಧ ಯಂತ್ರಗಳು ಹಳೆ ಬಯೋಸ್ ಕ್ರಮದಲ್ಲಿ, ಇನ್ನರ್ಧ ಯುಇಎಫ್ಐ ಕ್ರಮದಲ್ಲಿ ಬಂದಿದ್ದವು. ಎರಡಕ್ಕೂ ಬೂಟ್ ಫೈಲ್ ಬೇರೆ ಬೇರೆ. ಒಂದು ಯಂತ್ರದ ಗಡಿಯಾರ ಹಲವು ವರ್ಷ ಹಿಂದಿತ್ತು, ಹಾಗಾಗಿ ನಮ್ಮ ಪ್ಯಾಕೇಜ್ ಸರ್ವರ್‌ನ ಸರ್ಟಿಫಿಕೇಟ್ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ತಕರಾರು ತೆಗೆಯಿತು. ಇದನ್ನು ಕಂಡುಹಿಡಿಯಲು ಒಂದೂವರೆ ದಿನ ಹೋಯಿತು, ಹೇಳಿಕೊಳ್ಳಲು ನಾಚಿಕೆ.

ಎಂಟನೇ ದಿನ ಒಂದು ಯಂತ್ರ ತಾನಾಗಿ ಎದ್ದು, ತಾನಾಗಿ ಓದಿ, ಹನ್ನೊಂದು ನಿಮಿಷದಲ್ಲಿ ಲಾಗಿನ್ ಪರದೆ ತೋರಿಸಿತು. ಎರಡು ದಿನದಲ್ಲಿ 60ಕ್ಕೆ 60 ಮುಗಿದವು. ಮ್ಯಾನೇಜರ್ ಎಲ್ಲರಿಗೂ ವಡಾಪಾವ್ ತರಿಸಿದರು.

ನಾನು ಮಾಡಿದ ತಪ್ಪು ಆ ಖುಷಿಯಲ್ಲೇ ಅಡಗಿತ್ತು. ನಾನು ಬಳಸಿದ ಪಿಎಕ್ಸ್‌ಲಿನಕ್ಸ್ ಯಂತ್ರದ ಮ್ಯಾಕ್ ವಿಳಾಸದ ಹೆಸರಿನ ಫೈಲ್ ಹುಡುಕುತ್ತದೆ, ಆಮೇಲೆ ಐಪಿ ವಿಳಾಸದ್ದು, ಯಾವುದೂ ಸಿಗದಿದ್ದರೆ ‘ಡೀಫಾಲ್ಟ್’ ಎಂಬ ಫೈಲ್ ಓದುತ್ತದೆ. 60 ಯಂತ್ರಗಳ ಮ್ಯಾಕ್ ವಿಳಾಸ ಒಂದೊಂದಾಗಿ ಬರೆಯಲು ಬೇಸರವಾಗಿ ನಾನು ಡೀಫಾಲ್ಟ್ ಫೈಲಿಗೇ ‘ಇನ್‌ಸ್ಟಾಲ್ ಮಾಡು’ ಎಂದು ಬರೆದಿದ್ದೆ. ಕಾಯುವ ಸಮಯ 100. ಅದರ ಲೆಕ್ಕ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ, ಅಂದರೆ 10 ಸೆಕೆಂಡ್. ಉತ್ತರ ಪತ್ರಿಕೆಯಲ್ಲಿ ‘ಕ್ಲಿಯರ್‌ಪಾರ್ಟ್ ಆಲ್’ ಎಂಬ ಸಾಲೂ ಇತ್ತು. ಡಿಸ್ಕ್‌ನಲ್ಲಿ ಏನಿದ್ದರೂ ಒರೆಸು, ಕೇಳಬೇಡ ಎಂದು ಅದರ ಅರ್ಥ. ಕೆಲಸ ಮುಗಿದ ಮೇಲೂ ಆ ಸರ್ವರ್ ಆರಿಸಲಿಲ್ಲ. ಮುಂದೆ ಬೇಕಾಗುತ್ತದಲ್ಲ.

ಒಂದು ಮಧ್ಯಾಹ್ನ ಕಾಕಾ ನೋಟ್‌ಬುಕ್ ತೆರೆದು ಹೇಳಿದ್ದರು. ‘ತಮ್ಮಾ, ಮೂರನೇ ರ‍್ಯಾಕಿನ ಹಳೇ ಫೈಲ್ ಸರ್ವರ್ ಐತಲ್ಲ, ಅದು ಮೊದಲ ನೆಟ್‌ವರ್ಕ್ ಕೇಳ್ತೈತಿ, ಆಮೇಲೆ ಡಿಸ್ಕ್ ನೋಡ್ತೈತಿ. ಹಿಂದಿನವ್ರು ಯಾರೋ ಹಂಗ ಬಿಟ್ಟಾರ.’ ‘ಅದು ವರ್ಷಗಟ್ಟಲೆ ರೀಬೂಟೇ ಆಗಿಲ್ಲ ಕಾಕಾ’ ಎಂದು ನಾನು ಪರದೆಯಿಂದ ಕಣ್ಣು ತೆಗೆಯದೆ ಹೇಳಿದೆ.

ಆ ಯಂತ್ರ ಹಿಂದೆ ಆರೇಳು ಸಲ ಶುರುವಾದಾಗಲೂ ನೆಟ್‌ವರ್ಕ್ ಮೇಲೆ ಕೂಗಿರಬೇಕು. ಆಗ ಉತ್ತರ ಕೊಡುವವರೇ ಇರಲಿಲ್ಲ. ಒಂದು ನಿಮಿಷ ಕಾದು, ತನ್ನ ಡಿಸ್ಕ್ ನೋಡಿ ಎದ್ದಿರುತ್ತದೆ. ಆ ತಪ್ಪು ಕ್ರಮ ನನ್ನ ಸರ್ವರ್ ಬರುವವರೆಗೆ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ.

ಮಳೆಗಾಲದ ಒಂದು ಶನಿವಾರ ಕಟ್ಟಡದ ವಿದ್ಯುತ್ ಕೆಲಸಕ್ಕೆಂದು ಎಲ್ಲ ಯಂತ್ರ ಆರಿಸಿದ್ದರು. ರಾತ್ರಿ ಹತ್ತಕ್ಕೆ ಕಾಕಾ ಪಟ್ಟಿಯ ಪ್ರಕಾರ ಒಂದೊಂದೇ ಬಟನ್ ಒತ್ತಿದರು. ಹತ್ತೂಮುಕ್ಕಾಲಿಗೆ ನನ್ನ ಫೋನ್ ಬಂತು. ‘ತಮ್ಮಾ, ಆ ಹಳೇ ಮಷಿನ್ ಮ್ಯಾಲೆ ನಿನ್ನ ನೀಲಿ ಪರದೆ ಬಂದೈತಿ.’ ಕೇಬಲ್ ಕೀಳಿ ಎಂದು ಕೂಗಿದೆ. ಅವರು ಕಿತ್ತರು. ಅಷ್ಟರಲ್ಲಿ ಪಾರ್ಟಿಶನ್ ಹೋಗಿ, ಹೊಸ ಫೈಲ್ ಸಿಸ್ಟಂ ಅರ್ಧ ಬಂದಿತ್ತು. ಟೆಸ್ಟಿಂಗ್ ತಂಡದ ಮೂವತ್ತು ಜನರ ದಾಖಲೆ ಅದರಲ್ಲಿತ್ತು. ಬ್ಯಾಕಪ್ ಇದೆ ಎಂದು ಸಮಾಧಾನ ಮಾಡಿಕೊಂಡರೆ, ಅದು ಒಂಬತ್ತು ದಿನಗಳಿಂದ ನಿಂತುಹೋಗಿತ್ತು, ಎಚ್ಚರಿಕೆಯ ಮೇಲ್ ಯಾರೂ ಓದದ ಪೆಟ್ಟಿಗೆಗೆ ಹೋಗುತ್ತಿತ್ತು.

ಭಾನುವಾರ ಬೆಳಗಿನ ಜಾವ ಮೊದಲ ವರದಿ ಬರೆದವನು ನಾನೇ. ‘ವಿದ್ಯುತ್ ನಿಲುಗಡೆಯ ನಂತರ ಯಂತ್ರವನ್ನು ಚಾಲೂ ಮಾಡುವಾಗ ತಪ್ಪು ಬೂಟ್ ಕ್ರಮದಿಂದಾಗಿ ಮಾಹಿತಿ ನಷ್ಟವಾಗಿದೆ’ ಎಂದು. ಒಂದೊಂದು ಶಬ್ದವೂ ನಿಜ. ಓದಿದವರಿಗೆ ಮಾತ್ರ ಬಟನ್ ಒತ್ತಿದವನೇ ಕಾಣುತ್ತಾನೆ. ಸೋಮವಾರ ಬೆಳಿಗ್ಗೆ ಗುತ್ತಿಗೆದಾರ ಕಾಕಾರನ್ನು ಪಾಳಿಯಿಂದ ತೆಗೆದಿದ್ದ. ಊಟದ ಹೊತ್ತಿಗೆ ಗೊತ್ತಾಯಿತು. ಸಂಜೆಯ ಹೊತ್ತಿಗೆ ಎರಡನೇ ವರದಿ ಬರೆದೆ: ಡೀಫಾಲ್ಟ್ ಫೈಲ್ ನಾನು ಬರೆದದ್ದು, ಬೂಟ್ ಕ್ರಮದ ಬಗ್ಗೆ ನನಗೆ ಮೊದಲೇ ಎಚ್ಚರಿಕೆ ಸಿಕ್ಕಿತ್ತು, ಅದನ್ನು ಕೊಟ್ಟವರು ಇಂಥವರು. ನನ್ನ ಆ ವರ್ಷದ ರೇಟಿಂಗ್ ಇಳಿಯಿತು. ಕಾಕಾ ವಾಪಸ್ ಬರಲು ಹನ್ನೆರಡು ದಿನ ಹಿಡಿಯಿತು; ಅಷ್ಟೂ ದಿನದ ಕೂಲಿ ಅವರಿಗೆ ಬರಲಿಲ್ಲ. ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ‘ಬ್ಯಾರೆ ಏನರ ಮಾಡು’ ಎಂದರು.

ಬೇರೆ ಏನು ಮಾಡಿದೆ ಎಂದರೆ, ಮೊದಲು ಡೀಫಾಲ್ಟ್ ಫೈಲ್ ಬದಲಿಸಿದೆ. ಈಗ ಪರಿಚಯವಿಲ್ಲದ ಯಂತ್ರ ಬಂದು ಕೇಳಿದರೆ ‘ನಿನ್ನ ಡಿಸ್ಕಿನಿಂದಲೇ ಏಳು’ ಎಂಬ ಉತ್ತರವಷ್ಟೇ ಸಿಗುತ್ತದೆ. ಮ್ಯಾಕ್ ವಿಳಾಸ ಪಟ್ಟಿಯಲ್ಲಿದ್ದರೆ ಮಾತ್ರ ಇನ್‌ಸ್ಟಾಲ್, ಅದೂ ಒಂದೇ ಸಲ. ಮುಗಿದ ಕೂಡಲೇ ಯಂತ್ರ ಸುದ್ದಿ ಕಳಿಸುತ್ತದೆ, ಅದರ ಫೈಲ್ ಅಳಿಯುತ್ತದೆ. ಕಾಬ್ಲರ್, ಫೋರ್‌ಮನ್ ಮುಂತಾದ ಸಾಧನಗಳಲ್ಲಿ ಈ ಸೌಲಭ್ಯ ಆಗಲೇ ಇತ್ತು, ನಾನು ನೋಡಿರಲಿಲ್ಲ. ಇನ್‌ಸ್ಟಾಲ್‌ಗೆಂದೇ ಬೇರೆ ವಿಲ್ಯಾನ್ ಮಾಡಿಸಿದೆ. ಹೊಸ ಯಂತ್ರ ಅಲ್ಲಿ ತಯಾರಾಗಿ ಆಮೇಲೆ ಊರೊಳಗೆ ಬರಬೇಕು. ಬೂಟ್ ಕ್ರಮದಲ್ಲಿ ಡಿಸ್ಕೇ ಮೊದಲು. ನೆಟ್‌ವರ್ಕ್ ಬೇಕಾದಾಗ ಐಪಿಎಂಐ ಮೂಲಕ, ಈಚಿನ ಯಂತ್ರಗಳಲ್ಲಿ ರೆಡ್‌ಫಿಶ್ ಮೂಲಕ, ‘ಈ ಒಂದು ಸಲ ಮಾತ್ರ’ ಎಂದು ದೂರದಿಂದ ಹೇಳುತ್ತೇವೆ.

ಡಿಸ್ಕ್ ಹೆಸರಿನದ್ದು ಇನ್ನೊಂದು ಕಥೆ. ಲಿನಕ್ಸ್‌ನಲ್ಲಿ ‘ಎಸ್‌ಡಿಎ’ ಎಂದರೆ ಮೊದಲು ಕಂಡ ಡಿಸ್ಕ್. ಇವತ್ತು ಮೊದಲು ಕಂಡದ್ದು ನಾಳೆ ಎರಡನೆಯದಾಗಬಹುದು. ಹೊರಗಿನ ಸ್ಟೋರೇಜ್ ಹಚ್ಚಿದ್ದರೆ ಅದೇ ‘ಎಸ್‌ಡಿಎ’ ಆದರೂ ಆಯಿತು. ಆದ್ದರಿಂದ ಡಿಸ್ಕನ್ನು ಅದರ ಸೀರಿಯಲ್ ನಂಬರ್ ಇರುವ ಹೆಸರಿನಿಂದಲೇ ಕರೆಯುತ್ತೇನೆ. ಜೊತೆಗೆ ಕಿಕ್‌ಸ್ಟಾರ್ಟ್‌ನ ‘ಪ್ರೀ’ ಭಾಗದಲ್ಲಿ, ಒರೆಸುವ ಮುಂಚೆ ಒಂದು ಸಣ್ಣ ಸ್ಕ್ರಿಪ್ಟ್ ಡಿಸ್ಕ್ ನೋಡುತ್ತದೆ. ಪಾರ್ಟಿಶನ್ ಏನಾದರೂ ಕಂಡರೆ ಅಲ್ಲೇ ನಿಲ್ಲುತ್ತದೆ, ಮನುಷ್ಯರು ಬಂದು ಯಂತ್ರದ ಹೆಸರು ಟೈಪ್ ಮಾಡುವವರೆಗೆ ಮುಂದೆ ಹೋಗುವುದಿಲ್ಲ. ‘ಇದೆಂಥ ಆಟೊಮೇಶನ್’ ಎಂದು ಹೊಸ ಹುಡುಗರು ನಗುತ್ತಾರೆ. ನಗಲಿ.

ಕಾಕಾರ ನೋಟ್‌ಬುಕ್ ಇಡೀ ನಾವಿಬ್ಬರೂ ಕೂತು ಎಕ್ಸೆಲ್‌ಗೆ ಇಳಿಸಿದೆವು, ಎರಡು ತಿಂಗಳು ಹಿಡಿಯಿತು. ಪಟ್ಟಿ ಸರಿ ಇಡುವ ಹೊಣೆ ಅವರದೇ ಎಂದು ಬರೆಸಿ, ರಾತ್ರಿ ಭತ್ಯೆಯ ಬದಲು ಹಗಲಿನ ಕೆಲಸ ಕೊಡಿಸಿದೆವು. ಮೊದಲಿನಷ್ಟು ಹಣ ಬರುತ್ತಿರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. 2019ರಲ್ಲಿ ಊರಿಗೆ ಹೋದರು. ಮಗಳು ಈಗ ಸೊಲ್ಲಾಪುರದಲ್ಲೇ ಆಸ್ಪತ್ರೆ ಕೆಲಸದಲ್ಲಿದ್ದಾಳೆ.

ಬರುವ ಶನಿವಾರ 40 ಹೊಸ ಯಂತ್ರಗಳು ಬರುತ್ತಿವೆ. ಕಳಿಸಿದವರು ಕೊಟ್ಟ ಪಟ್ಟಿಯಲ್ಲಿ 38 ಮ್ಯಾಕ್ ವಿಳಾಸಗಳಷ್ಟೇ ಇವೆ. ಉಳಿದೆರಡಕ್ಕೆ ನಮ್ಮ ಹುಡುಗ ಟಾರ್ಚ್ ಹಿಡಿದು ರ‍್ಯಾಕಿನ ಹಿಂದೆ ನುಗ್ಗಿ ಸ್ಟಿಕ್ಕರ್ ಓದಿ ಬರಬೇಕು. ಜೇಬಿನಲ್ಲಿಟ್ಟುಕೋ ಎಂದು ನಿನ್ನೆ ಅವನಿಗೊಂದು ಉದ್ದನೆಯ ನೋಟ್‌ಬುಕ್ ಕೊಟ್ಟೆ. ಫೋನ್‌ನಲ್ಲಿ ಫೋಟೋ ತೆಗೀತೀನಿ ಸರ್ ಎಂದ.